ಕಾಲೇಜಿನ ಹುಡುಗರು ಬಂದರೆ ಒಲೆಯ ಮುಂದೆ ಕೂಡಿಸಿರಿ

(ತಿಕೋಟಾ, ಬಬಲೇಶ್ವರ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತಿನ ಬರಹರೂಪ)



ನನಗೆ ಕೊಟ್ಟ ವಿಷಯ ‘ಸುಸ್ಥಿರ ಇಂಧನ’. ಹೆಸರು ಕೇಳಿ ಯಾರೂ ಗಾಬರಿ ಆಗಬ್ಯಾಡ್ರಿ. ಬಳಸಿದರೂ ತೀರದ, ಎದಿಗೆ ಹೊಗೆ ತುಂಬಿಸದ ಶಕ್ತಿ ಅಂದ್ರೆ ಅದೇ. ಬಿಸಿಲು, ಗಾಳಿ, ಸಗಣಿ ಗ್ಯಾಸು ಇವೆಲ್ಲ ಅದರಾಗ ಬರುತ್ತವೆ. ಇದರ ಮೇಲೆ ಕೆಲಸ ಮಾಡುವ ಕಾಲೇಜು ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ನಮಗೂ ಏನು ಸಂಬಂಧ ಅನ್ನೋದನ್ನು ಇವತ್ತು ಮಾತಾಡೋಣ.

ನಮ್ಮ ಜಿಲ್ಲೆಗೆ ಶಕ್ತಿಯ ಬರ ಇಲ್ಲ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರ ಇದೆ. ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2400 ಮೆಗಾವ್ಯಾಟ್ ತಯಾರಿಸುವ ಸ್ಥಾವರ ಇದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರನ್ನು ಮೇಲೆತ್ತಿ ತರುವುದೂ ಕರೆಂಟಿನಿಂದಲೇ. 2023ರಿಂದ ಗೃಹಜ್ಯೋತಿಯೂ ಬಂತು. ಇಷ್ಟೆಲ್ಲ ಇದ್ದರೂ ಎಷ್ಟೋ ಮನೆಗಳಲ್ಲಿ ಸಿಲಿಂಡರು ಚಹಾಕ್ಕೆ ಮೀಸಲು. ರೊಟ್ಟಿ ಬೇಯುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳಿನ ಮೇಲೆಯೇ. ಊರ ಮೇಲೆ ಹಾದು ಹೋಗುವ ತಂತಿಗೂ ನಮ್ಮ ಒಲೆಗೂ ನಡುವೆ ಒಂದು ಕಂದಕ ಇದೆ ಅಂತ ನನಗೆ ಅನಿಸುತ್ತದೆ.

ಈ ಕಂದಕವನ್ನು ನಮ್ಮ ರಾಜ್ಯದಲ್ಲಿ ಮೊದಲು ಕೂತು ಲೆಕ್ಕ ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಮೂಲ್ಯ ರೆಡ್ಡಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದೇ ಅದರ ಕೆಲಸ. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಭಾಗದ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ, ಯಾರು ಎಷ್ಟು ಹೊತ್ತು ದುಡಿಯುತ್ತಾರೆ, ಕಟ್ಟಿಗೆ ಎಷ್ಟು ಸುಡುತ್ತದೆ ಅಂತ ಬರೆದುಕೊಂಡರು. ಪುರ ಎಂಬ ಹಳ್ಳಿಯಲ್ಲಿ ಮನುಷ್ಯರ ದುಡಿಮೆಯ ಲೆಕ್ಕ ತೆಗೆದಾಗ ನೂರರಲ್ಲಿ 53 ಪಾಲು ಹೆಂಗಸರದು, 31 ಪಾಲು ಗಂಡಸರದು, 16 ಪಾಲು ಮಕ್ಕಳದು ಅಂತ ಬಂತು. ನೀವು ನಗುತ್ತಿದ್ದೀರಿ, ನಿಮಗೆ ಇದು ಹೊಸ ಸುದ್ದಿ ಅಲ್ಲ. ಆದರೆ ಕಾಗದದ ಮೇಲೆ ಬಂದ ಮೇಲೆ ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ ನೋಡ್ರಿ.

ಅದೇ ಪುರದಲ್ಲಿ ಒಂದು ದೊಡ್ಡ ಪಾಠ ಆಯಿತು. ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿ, ಎಲ್ಲರ ಒಲೆಗೂ ಗ್ಯಾಸು ಕೊಡಬೇಕು ಅಂತ ವಿಜ್ಞಾನಿಗಳು ಹೊರಟರು. ಗ್ಯಾಸು ಸಾಲಲಿಲ್ಲ. ಲೆಕ್ಕ ಸರಳ ಇದೆ: ಒಂದು ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆ.ಜಿ. ಸಗಣಿ ಬೇಕು. ಒಂದು ಸಂಸಾರದ ಅಡುಗೆಗೆ ದಿನಕ್ಕೆ ಎರಡು ಘನ ಮೀಟರ್ ಅಂದರೆ 50 ಕೆ.ಜಿ. ಸಗಣಿ, ಅಷ್ಟೇ ನೀರು, ಅಂದರೆ ನಾಲ್ಕೈದು ದನ. ಎಲ್ಲರ ಮನೆಯಲ್ಲಿ ಎಲ್ಲಿವೆ ಅಷ್ಟು ದನ? ಆಮೇಲೆ ಊರವರ ಮಾತು ಕೇಳಿದರು. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು! 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಹಚ್ಚಿದರು. ಸಗಣಿ ತೂಕ ಮಾಡಿ ತಗೊಳ್ಳುವುದು, ಗ್ಯಾಸು ತೆಗೆದ ಮೇಲೆ ಉಳಿದ ಗೊಬ್ಬರ ಅವರವರ ಪಾಲಿನಂತೆ ವಾಪಸು ಕೊಡುವುದು ಇವೆಲ್ಲ ಊರವರ ಕೈಯಲ್ಲೇ ನಡೆಯಿತು. ಕೇಳದೆ ಮಾಡಿದ್ದು ನಿಂತಿತು, ಕೇಳಿ ಮಾಡಿದ್ದು ವರ್ಷಗಟ್ಟಲೆ ನಡೆಯಿತು.

ಒಲೆಯ ವಿಷಯಕ್ಕೆ ಬರೋಣ. 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದ ‘ಅಸ್ತ್ರ ಒಲೆ’ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಒಂದೇ ಬೆಂಕಿ ಮೂರು ಪಾತ್ರೆಯ ಕೆಳಗೆ ಹರಿದು ಹೋಗುವುದರಿಂದ ಕಟ್ಟಿಗೆ ಉಳಿತಾಯ, ಹೊಗೆ ಮನೆಯ ಹೊರಗೆ. ಮುಂದೆ 1993ರಲ್ಲಿ ಶುರುವಾದ ‘ಟೈಡ್’ ಎಂಬ ಸಂಸ್ಥೆ ‘ಸರಳ ಒಲೆ’ ಕಟ್ಟುವುದನ್ನು ಹೆಣ್ಣುಮಕ್ಕಳಿಗೇ ಕಲಿಸಿತು. ಒಲೆ ಕಟ್ಟಿಕೊಟ್ಟು ಕೂಲಿ ಗಳಿಸಿದ ಮಹಿಳೆಯರು ನಮ್ಮ ರಾಜ್ಯದಲ್ಲಿದ್ದಾರೆ.

ಆದರೆ ಒಂದು ಮಾತು ಹೇಳಲೇಬೇಕು. ಆ ಕಡೆಯ ಊಟ ಮುದ್ದೆ, ಅನ್ನ, ಸಾರು. ನಮ್ಮದು ಜೋಳದ ರೊಟ್ಟಿ. ಹಂಚಿನ ಮೇಲೆ ಬೇಯಿಸಿ, ಆಮೇಲೆ ಕೆಂಡದ ಮಗ್ಗಲಿಗೆ ನಿಲ್ಲಿಸಿ ಉಬ್ಬಿಸಬೇಕು. ಒಲೆಯ ಬಾಯಿ ಸಣ್ಣದು ಮಾಡಿ, ಬೆಂಕಿ ಎಲ್ಲ ಒಳಗೇ ಮುಚ್ಚಿಬಿಟ್ಟರೆ ರೊಟ್ಟಿ ಎಲ್ಲಿ ನಿಲ್ಲಿಸೋದು? ಈ ಪ್ರಶ್ನೆ ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ. ಕೈಗೆ ಹಿಟ್ಟು ಹತ್ತಿದವರೇ ಕೇಳಬೇಕು.

ಸಂಘಗಳು ರೊಟ್ಟಿ ಮಾರುವ ಉದ್ಯೋಗ ಮಾಡುತ್ತಿರುವುದರಿಂದ ಸೋಲಾರ್ ವಿಷಯವೂ ಬರುತ್ತದೆ. ಸೆಲ್ಕೋ ಸಂಸ್ಥೆಯನ್ನು 1995ರಲ್ಲಿ ಶುರು ಮಾಡಿದ ಹರೀಶ್ ಹಂದೆ ಅವರು ಮೊದಲು ಒಬ್ಬ ವಿದ್ಯಾರ್ಥಿಯೇ. ಅಮೆರಿಕದಲ್ಲಿ ಓದುವಾಗ ಡೊಮಿನಿಕನ್ ಗಣರಾಜ್ಯ ಎಂಬ ದೇಶದಲ್ಲಿ ಬಡವರೂ ದುಡ್ಡು ಕೊಟ್ಟು ಸೋಲಾರ್ ದೀಪ ಹಾಕಿಸಿಕೊಂಡಿದ್ದನ್ನು ನೋಡಿದರು. ಆಮೇಲೆ ಶ್ರೀಲಂಕಾದ ಹಳ್ಳಿಗಳಲ್ಲಿ ಇದ್ದು ಕಲಿತರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕೊಡಬಹುದು ಅಂತ ಒಬ್ಬ ಬೀದಿ ವ್ಯಾಪಾರಿ ತನಗೆ ಕಲಿಸಿದ್ದನ್ನು ಅವರು ಹೇಳುತ್ತಿರುತ್ತಾರೆ. ವಾರದ ಕಂತು ಕಟ್ಟುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೊಟ್ಟಿ ಲಟ್ಟಿಸುವ ಸೋಲಾರ್ ಯಂತ್ರವನ್ನೂ ಸೆಲ್ಕೋದವರು ತಂದಿದ್ದಾರೆ.

ಇಲ್ಲಿ ಮೋಸ ಹೋಗಬಾರದು ಅಂತ ಒಂದು ಲೆಕ್ಕ ಕೊಡುತ್ತೇನೆ. ಒಂದು ಎಲ್‌ಇಡಿ ಬಲ್ಬಿಗೆ 9 ವ್ಯಾಟ್ ಸಾಕು. ಇಂಡಕ್ಷನ್ ಒಲೆಗೆ 1500ರಿಂದ 2000 ವ್ಯಾಟ್ ಬೇಕು. ಅಂದರೆ ಒಂದು ಒಲೆಯ ಶಕ್ತಿಯಲ್ಲಿ ಹತ್ತಿರ ಹತ್ತಿರ 200 ಬಲ್ಬು ಉರಿಯುತ್ತವೆ! ಹಾಗಾಗಿ ಮೋಟರು, ಫ್ಯಾನು, ದೀಪಕ್ಕೆ ಸೋಲಾರ್ ತಟ್ಟೆ ಹೊಂದುತ್ತದೆ. ಬೇಯಿಸುವ ಕಾವನ್ನೂ ಅದರಿಂದಲೇ ಪಡೆಯಲು ಹೋದರೆ ಸಾಲ ಬೆಳೆಯುತ್ತದೆ. ‘ಎಲ್ಲಾ ಸೋಲಾರ್ ಮ್ಯಾಲೇ ಆಗ್ತದ್ರಿ’ ಅಂತ ಯಾರಾದರೂ ಮಾರಲು ಬಂದರೆ ವ್ಯಾಟ್ ಎಷ್ಟು ಅಂತ ಕೇಳ್ರಿ. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಸತ್ತಾಗ ಹೊಸದಕ್ಕೆ ಎಷ್ಟು, ರಿಪೇರಿಗೆ ಯಾವ ಊರಿನಿಂದ ಬರುತ್ತಾರೆ ಅನ್ನೋದನ್ನೂ ಕೇಳ್ರಿ.

ತಿಕೋಟಾದ ಅಕ್ಕಂದಿರಿಗೆ ದ್ರಾಕ್ಷಿಯ ಮಾತು ಬೇಕೇ ಬೇಕು. ನಾಲ್ಕು ಕೆ.ಜಿ. ಹಸಿ ದ್ರಾಕ್ಷಿಗೆ ಸುಮಾರು ಒಂದು ಕೆ.ಜಿ. ಒಣದ್ರಾಕ್ಷಿ. ಶೆಡ್ಡಿನ ಬಲೆಗಳ ಮೇಲೆ ಹದಿನೈದು ದಿನದವರೆಗೆ ಒಣಗಬೇಕು. ಅಷ್ಟರಲ್ಲಿ ಮಾರ್ಚ್-ಏಪ್ರಿಲ್ ಮಳೆ ಬಂದರೆ ಮಾಲು ಕೆಟ್ಟಿತು, ನಮ್ಮ ಆರಿಸುವ ಕೂಲಿಯೂ ಹೋಯಿತು. ಬಿಸಿಲಿನ ಒಣಗಿಸುವ ಪೆಟ್ಟಿಗೆ, ಪ್ಲಾಸ್ಟಿಕ್ ಗೂಡು ಇವುಗಳ ಮೇಲೆ ಸಂಶೋಧನೆ ಬಹಳ ನಡೆದಿದೆ. ಆದರೆ ನೇರ ಬಿಸಿಲು ಬಿದ್ದರೆ ದ್ರಾಕ್ಷಿ ಕಂದು ಆಗುತ್ತದೆ, ಹಸಿರು ಬಣ್ಣಕ್ಕೇ ದರ ಅನ್ನೋದು ಆರಿಸುವ ಕೈಗಳಿಗೆ ಗೊತ್ತು. ಕಾವು ಬೇಕು, ಗಾಳಿ ಬೇಕು, ಬಿಸಿಲು ತಾಗಬಾರದು. ಇಷ್ಟು ಹೇಳಿದರೆ ಒಬ್ಬ ವಿದ್ಯಾರ್ಥಿಯ ಒಂದು ವರ್ಷ ಉಳಿಯುತ್ತದೆ.

ಆ ವಿದ್ಯಾರ್ಥಿಗಳು ದೂರ ಇಲ್ಲ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೆ, ಸಿಕ್ಯಾಬ್ ಕಾಲೇಜು ಇದೆ. ತಿಕೋಟಾ ದಾರಿಯಲ್ಲೇ ತೊರವಿ ಹತ್ತಿರ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಓದುವವರು ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಲೇಬೇಕು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಇಂಥ ಪ್ರಾಜೆಕ್ಟುಗಳಿಗೆ ಸಹಾಯಧನ ಕೊಡುತ್ತಾ ಬಂದಿದೆ. ಹುಡುಗರು ವಿಷಯ ಸಿಗದೆ ಹಳೆಯದನ್ನೇ ತಿರುಗಿ ಮಾಡುವುದೂ ಉಂಟು. ವಿಷಯ ನಮ್ಮ ಹತ್ತಿರ ರಾಶಿ ಬಿದ್ದಿದೆ.

ಮುಂದಿನ ತಿಂಗಳ ಸಭೆಗೆ ಮೊದಲು ಪ್ರತಿ ಸಂಘದ ನಾಲ್ಕು ಮನೆಯವರು ಒಂದು ವಾರ ಕಟ್ಟಿಗೆ ತೂಗಿ ಬರೆದಿಡಿರಿ. ತರಲು ಎಷ್ಟು ತಾಸು, ಎಷ್ಟು ರೊಟ್ಟಿ, ಸಿಲಿಂಡರು ಎಷ್ಟು ದಿನ ಬಂತು ಅಂತಲೂ ಬರೆಯಿರಿ. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿರಿ. ಆ ವಹಿ ಹಿಡಿದುಕೊಂಡು ಇಬ್ಬರು ಪ್ರತಿನಿಧಿಗಳು ಕಾಲೇಜಿಗೆ ಹೋಗಿ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರನ್ನು ಕಾಣಬೇಕು. 2023ರ ಜೂನ್‌ನಿಂದ ಸರಕಾರಿ ಬಸ್ಸಿಗೆ ನಮಗೆ ಟಿಕೀಟಿನ ದುಡ್ಡೂ ಇಲ್ಲ. ಯಾರು ಹೋಗುತ್ತೀರಿ, ಈಗಲೇ ಹೆಸರು ಕೊಡ್ರಿ.