ಆಟದ ಬಾಗಿಲಲ್ಲಿ ಹಾಜರಿ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಮೆಟ್ರಿಕ್ ಮುಗಿಸಿ ಗಿರಣಿ ಸೇರಿದವರು. ಹಾಜರಿ ಪುಸ್ತಕ ಬರೆಯುವುದು ನಮ್ಮ ಕಸುಬು. ಕಂಪ್ಯೂಟರಿನ ಮಾತಾಡಲು ನಮಗೇನು ಅಧಿಕಾರವೆಂದು ತಾವು ಕೇಳಬಹುದು. ಕಳೆದ ತಿಂಗಳ ಒಂದು ಸಂಗತಿ ನಮ್ಮನ್ನು ಇದಕ್ಕೆ ಎಳೆದು ತಂದಿತು. ಇಲ್ಲಿಗೆ ಪತ್ರಿಕೆ ಓದಲು ಬರುವ ಒಬ್ಬ ತರುಣ, ಪಾಳಿ ಮುಗಿದ ಮೇಲೆ ಮೊಬೈಲಿನಲ್ಲಿ ಆಟವಾಡುವವನು, ಪುಕ್ಕಟೆ ನಾಣ್ಯ ಕೊಡುತ್ತೇನೆಂದ ಯಾರಿಗೋ ಓಟಿಪಿ ಹೇಳಿಬಿಟ್ಟ. ಎರಡು ವರ್ಷ ಆಡಿ, ಸಂಬಳದಲ್ಲಿ ಉಳಿಸಿ 1,800 ರೂಪಾಯಿ ಸುರಿದಿದ್ದ ಖಾತೆ ಹತ್ತು ನಿಮಿಷದಲ್ಲಿ ಕೈಬಿಟ್ಟಿತು. ಆಟ ತಾನೇ ಎಂದು ನಕ್ಕವರೂ ಉಂಟು. ನಮಗೆ ನಗು ಬರಲಿಲ್ಲ.

ಗಿರಣಿಯ ಬಾಗಿಲಲ್ಲಿ ನಡೆಯುವುದನ್ನು ತಾವು ಬಲ್ಲಿರಿ. 'ನಾನು ಇಂಥವನು' ಎಂದರೆ ಯಾರೂ ಒಳಗೆ ಬಿಡುವುದಿಲ್ಲ. ಬಿಲ್ಲೆ ತೋರಿಸಬೇಕು, ಅದರ ನಂಬರು ಕಚೇರಿಯ ಪಟ್ಟಿಗೆ ತಾಳೆಯಾಗಬೇಕು. ಆನ್‌ಲೈನ್ ಆಟದಲ್ಲೂ ಹೀಗೆಯೇ. ಆಟಗಾರ ಮೊದಲು ಖಾತೆಯ ಕಚೇರಿಗೆ ತನ್ನ ಗುರುತನ್ನು ರುಜುವಾತುಪಡಿಸುತ್ತಾನೆ. ಕಚೇರಿ ಅವನಿಗೆ ಕೆಲಕಾಲ ಮಾತ್ರ ಚಲಾವಣೆಯಲ್ಲಿರುವ ಒಂದು ಚೀಟಿ ಕೊಡುತ್ತದೆ; ಅದಕ್ಕೆ ಟೋಕನ್ ಎನ್ನುತ್ತಾರೆ. ಆಟ ನಡೆಸುವ ಸರ್ವರಿಗೆ ಅವನು ಒಪ್ಪಿಸುವುದು ಆ ಚೀಟಿಯನ್ನು, ಪಾಸ್‌ವರ್ಡನ್ನಲ್ಲ. ಚೀಟಿ ನಿಜವೋ ಸುಳ್ಳೋ ಎಂದು ಸರ್ವರು ಕಚೇರಿಯನ್ನೇ ಕೇಳುತ್ತದೆ. 2003ರಲ್ಲಿ ಹುಟ್ಟಿದ ಸ್ಟೀಮ್‌ನಲ್ಲಿ ಈ ಕ್ರಮವುಂಟು. ಇದರ ಬೇರು ಇನ್ನೂ ಹಳೆಯದು. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಆರಂಭವಾದ ಅಥೇನಾ ಯೋಜನೆಯವರು ಇಂಥ ಚೀಟಿಯ ಪದ್ಧತಿ ಮಾಡಿ ಕರ್ಬೆರೋಸ್ ಎಂದು ಕರೆದರು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು. ನಮ್ಮ ಗೇಟಿನ ಜಮಾದಾರರಿಗೆ ಹೇಳಿದೆವು. ಅವರಿಗೆ ಅಷ್ಟೇನೂ ಹಿಡಿಸಲಿಲ್ಲ.

ಆದರೆ ಬಾಗಿಲು ಕಾದ ಮಾತ್ರಕ್ಕೆ ಆಗಲಿಲ್ಲ. ಒಳಗಿನ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? 1996ರ ಕೊನೆಗೆ ಬ್ಲಿಝಾರ್ಡ್ ಕಂಪನಿಯ ಡಯಾಬ್ಲೊ ಎಂಬ ಆಟ ಬಂತು. ಅದರಲ್ಲಿ ಆಟಗಾರನ ಪಾತ್ರದ ಬಲ, ಆಯುಧ, ಚಿನ್ನ ಎಲ್ಲವೂ ಅವನ ಕಂಪ್ಯೂಟರಿನಲ್ಲಿಯೇ ಬರೆದಿರುತ್ತಿದ್ದವು. ಕೆಲಸಗಾರನಿಗೇ ಹಾಜರಿ ಪುಸ್ತಕ ಕೊಟ್ಟು ಮನೆಗೆ ಕಳಿಸಿದಂತೆ! ಜನ ಕಡತ ತಿದ್ದಿ ಒಂದೇ ರಾತ್ರಿಯಲ್ಲಿ ಮಹಾವೀರರಾದರು. ಪ್ರಾಮಾಣಿಕವಾಗಿ ಆಡುವವನಿಗೆ ಆಟ ಬೇಸರವಾಯಿತು. 2000ದಲ್ಲಿ ಬಂದ ಎರಡನೆಯ ಡಯಾಬ್ಲೊದಲ್ಲಿ ಪುಸ್ತಕವನ್ನು ಕಂಪನಿಯ ಸರ್ವರಿನಲ್ಲಿಯೇ ಇಡುವ ಏರ್ಪಾಡಾಯಿತು. ಅಲ್ಲೂ ಒಂದು ವಸ್ತುವನ್ನು ಎರಡು ಮಾಡಿಕೊಳ್ಳುವ ಬಿರುಕುಗಳು ಸಿಕ್ಕವು ಎನ್ನಿ. ಆದರೂ ಪುಸ್ತಕ ತಿದ್ದುವ ಸುಲಭದ ದಾರಿ ಮುಚ್ಚಿತು. ಇಂಥ ಏರ್ಪಾಡಿನಲ್ಲಿ ಮೊಬೈಲು 'ಗುಂಡಿ ಒತ್ತಿದೆ' ಎಂದಷ್ಟೇ ಹೇಳಬಹುದು. ಪೆಟ್ಟು ತಗುಲಿತೋ ಇಲ್ಲವೋ ಎಂದು ತೀರ್ಮಾನಿಸುವುದು ಸರ್ವರು.

ಹಾಗಾದರೆ ಆ ಸರ್ವರು ತಾನೇ ಯಾರು? 'ಇವನು ಗೆದ್ದ, ಇವನಿಗೆ ಐವತ್ತು ನಾಣ್ಯ ಬರೆಯಿರಿ' ಎಂದು ಕಚೇರಿಗೆ ಹೇಳುವ ಹಕ್ಕು ನಂಬಿಕೆಯ ಸರ್ವರಿಗೆ ಮಾತ್ರ. ಅದಕ್ಕೆಂದೇ ಒಂದು ಗುಟ್ಟಿನ ಕೀಲಿ ಕೊಟ್ಟಿರುತ್ತಾರೆ. ಅವಸರದಲ್ಲಿ ಆ ಕೀಲಿಯನ್ನು ಮೊಬೈಲಿಗೆ ಇಳಿಯುವ ಆಟದ ಪ್ರತಿಯೊಳಗೇ ಇಟ್ಟರೆ, ಬಲ್ಲವರು ಪ್ರತಿಯನ್ನು ಬಿಚ್ಚಿ ತೆಗೆದುಕೊಳ್ಳುತ್ತಾರೆ. ಆಮೇಲೆ ಯಾರು ಬೇಕಾದರೂ ಸರ್ವರಾಗಬಹುದು. ಪಗಾರ ಖಾತೆಯ ಮೊಹರನ್ನು ಎಲ್ಲರ ಊಟದ ಡಬ್ಬಿಯಲ್ಲಿ ಹಾಕಿ ಕಳಿಸಿದಂತೆ.

ಇಷ್ಟೆಲ್ಲ ಕಾವಲಿದ್ದೂ ನಮ್ಮ ತರುಣನ ಖಾತೆ ಹೋದದ್ದು ಹೇಗೆ? ಕಾವಲು ತಪ್ಪಲಿಲ್ಲ. ಓಟಿಪಿಯೇ ಅವನ ಗುರುತಿನ ಬಿಲ್ಲೆ. ಅದನ್ನು ಹಿಡಿದು ಬಂದವನಿಗೆ ಕಚೇರಿ ಸರಿಯಾದ ಚೀಟಿಯನ್ನೇ ಕೊಟ್ಟಿತು; ಚೀಟಿ ತಾಳೆಯಾಯಿತು, ಸರ್ವರು ಬಾಗಿಲು ತೆರೆಯಿತು. ಚೀಟಿ ಹಿಡಿದ ಕೈ ಯಾರದೆಂದು ಅದಕ್ಕೆ ಕಾಣದು.

ಹಣ ಕಟ್ಟಿದ ರಸೀದಿಗಳನ್ನು ಅವನು ಮೊಬೈಲಿನಲ್ಲಿ ಉಳಿಸಿಕೊಂಡಿದ್ದ. ಖಾತೆ ಅವನದೆಂದು ತೋರಿಸಲು ಈಗ ಅವೇ ಆಧಾರ. ಶುಕ್ರವಾರ ರಾತ್ರಿ ಇದೇ ಮೇಜಿನ ಬಳಿ ಕುಳಿತು, ತಾರೀಖು ಸಹಿತ ಅರ್ಜಿ ಬರೆದು ಕಂಪನಿಗೆ ಕಳಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಇಂಥ ಅರ್ಜಿ ಬರೆಸಬೇಕಾದವರು ಯಾರಾದರೂ ಇದ್ದರೆ, ಸಂಜೆ ಏಳರ ಮೇಲೆ ನಾವು ಇಲ್ಲಿಯೇ ಇರುತ್ತೇವೆ.