ಲೆಕ್ಕ ಮೊದಲೋ, ಮಾತು ಮೊದಲೋ?

ಬೇಸಗೆಯ ರಜೆಗೆ ಬಂದಿದ್ದ ಏಳು ವರ್ಷದ ಮೊಮ್ಮಗನಿಗೆ ಒಂದು ಲೆಕ್ಕ ಹಾಕಿದೆ: 'ರಾಮನ ಹತ್ತಿರ 8 ಮಾವಿನಹಣ್ಣುಗಳಿವೆ. ಅವು ಸೀತೆಯ ಹತ್ತಿರ ಇರುವುದಕ್ಕಿಂತ 3 ಹೆಚ್ಚು. ಸೀತೆಯ ಹತ್ತಿರ ಎಷ್ಟಿವೆ?' ಹುಡುಗ ತಡಮಾಡದೆ 'ಹನ್ನೊಂದು' ಎಂದ. ಕೂಡುವುದೂ ಕಳೆಯುವುದೂ ಅವನಿಗೆ ಚೆನ್ನಾಗಿಯೇ ಬರುತ್ತವೆ. 'ಹೆಚ್ಚು' ಎಂಬುದು ಕಿವಿಗೆ ಬಿದ್ದೊಡನೆ ಕೂಡಿಬಿಟ್ಟಿದ್ದ. ಅದರ ಹಿಂದಿನ 'ಇಂತ' ಅವನ ಲಕ್ಷ್ಯಕ್ಕೆ ಬರಲಿಲ್ಲ. ಆಯುಷ್ಯವೆಲ್ಲ ವ್ಯಾಕರಣ ಪಾಠ ಹೇಳಿದವನ ಮನೆಯಲ್ಲಿಯೇ ಹೀಗೆ!

ಇಂಥದೇ ಕೊರತೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಮ್ಯಾಂಚೆಸ್ಟರ್ ನಗರದಲ್ಲಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಎಲ್. ಪಿ. ಬೆನೆಜೆಟ್ ಅವರನ್ನು ಕಾಡಿತ್ತು. ಅಂಶ ಒಂದೇ ಆಗಿರುವ ಎರಡು ಭಿನ್ನರಾಶಿಗಳಲ್ಲಿ ಛೇದ ಚಿಕ್ಕದಾದುದೇ ದೊಡ್ಡದು ಎಂಬಷ್ಟನ್ನು ಎಂಟನೆಯ ತರಗತಿಯ ಮಕ್ಕಳು ಸ್ವಂತ ಮಾತಿನಲ್ಲಿ ಹೇಳಲಾರದೆ ಹೋದರು. 1929ರಲ್ಲಿ ಅವರು ಕೆಲವು ತರಗತಿಗಳಲ್ಲಿ ಅಂಕಗಣಿತದ ಪಾಠವನ್ನೇ ಮುಂದೂಡಿ, ಓದಿದ್ದನ್ನೂ ಕಂಡದ್ದನ್ನೂ ಬಾಯಿಬಿಟ್ಟು ಹೇಳುವ ಅಭ್ಯಾಸಕ್ಕೆ ಆ ಹೊತ್ತನ್ನು ಕೊಟ್ಟರು. ಆ ಮಕ್ಕಳಲ್ಲಿ ಅನೇಕರ ಮನೆಮಾತು ಇಂಗ್ಲಿಷ್ ಅಲ್ಲ. ಆರನೆಯ ತರಗತಿಯಲ್ಲಿ ಲೆಕ್ಕ ತೊಡಗಿದಾಗ ಅವರು ಹಿಂದಿದ್ದರು, ಸಹಜವೇ. ಏಪ್ರಿಲ್ ಹೊತ್ತಿಗೆ ಉಳಿದವರಿಗೆ ಸರಿಗಟ್ಟಿದರು. ಜೂನ್ ಪರೀಕ್ಷೆಯಲ್ಲಿ ಇಡೀ ನಗರಕ್ಕೆ ಮೊದಲಾದದ್ದು ಅವರದೇ ಒಂದು ತಂಡ.

ಹಾಗೆಂದು ಮಗ್ಗಿಪುಸ್ತಕವನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ. ಒಂದು ಊರಿನ ಪ್ರಯೋಗದಿಂದ ಜಗತ್ತಿಗೆಲ್ಲ ನಿಯಮ ಮಾಡಲಾಗದು. ಬೆನೆಜೆಟ್ಟರೂ ಸಂಖ್ಯೆಯನ್ನು ತೊರೆಯಲಿಲ್ಲ. ಗಡಿಯಾರ, ನಾಣ್ಯ, ಉದ್ದಗಲದ ಅಂದಾಜು ಎಲ್ಲವೂ ಮಾತಿನ ನಡುವೆಯೇ ಬರುತ್ತಿದ್ದವು. ಎಣಿಕೆಯ ಅರಿವಂತೂ ಮಾತಿಗಿಂತ ಮುಂಚಿನದು. ಕ್ಯಾರೆನ್ ವಿನ್ ಎಂಬ ವಿದ್ವಾಂಸೆ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರೆಯ ಹಿಂದಿನ ಒಂದು ಗೊಂಬೆಯ ಜೊತೆಗೆ ಇನ್ನೊಂದನ್ನಿಟ್ಟು, ಮರೆ ಸರಿಸಿದಾಗ ಒಂದೇ ಕಂಡರೆ, ಐದು ತಿಂಗಳ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸುತ್ತಿದ್ದವು. ಆದುದರಿಂದ ಕಾಯಬೇಕಾದದ್ದು ಸಂಖ್ಯೆಗಲ್ಲ, ಕಾಗದದ ಮೇಲಿನ ಲೆಕ್ಕಕ್ಕೆ ಎಂದು ನನಗೆ ತೋರುತ್ತದೆ.

ನಾನು ಕಾಯಲಿಲ್ಲ. ಐದು ತುಂಬುವ ಮೊದಲೇ ಮಗಳ ಕೈಗೆ ಸ್ಲೇಟು ಕೊಟ್ಟು, ದಶಕ ಸಾಲ ತಂದು ಕಳೆಯುವ ಲೆಕ್ಕ ಮಾಡಿಸಿದೆ. ಸಾಲ ಯಾರಿಂದ, ಏತಕ್ಕೆ ಎಂದು ಮಗು ಕೇಳಿದಾಗ ಗದರಿದೆ. ಆಕೆ ಇಂದಿಗೂ ಮನೆಯ ಲೆಕ್ಕವನ್ನು ಅಳಿಯನ ಕಡೆಗೆ ತಳ್ಳುತ್ತಾಳೆ.

ಈ ಸಲ ಗದರಲಿಲ್ಲ. ಮರುದಿನ ಬುಟ್ಟಿಯ ಹಣ್ಣುಗಳನ್ನು ಜಗಲಿಯಲ್ಲಿ ಹರವಿ, ಅದೇ ಲೆಕ್ಕವನ್ನು ಕತೆಯಾಗಿ ಹೇಳು ಎಂದೆ. ರಾಮನ ಪಾಲು ಎಂಟು ಎಣಿಸಿಟ್ಟ, ಮೂರನ್ನು ಪಕ್ಕಕ್ಕೆ ಸರಿಸಿದ, ಉಳಿದ ಐದನ್ನು ನೋಡುತ್ತ ಕೇಳಿದ: 'ಸೀತೆಗೇಕೆ ತಾತ ಕಡಮೆ?'