ತಟ್ಟೆಯ ಸಂದಿಯಲ್ಲಿ ಮಲಗಿರುವ ಬೀಜಾಣು

(ಬೈರಮಂಗಲದಲ್ಲಿ ರೇಷ್ಮೆ ಬೆಳೆಗಾರರಿಗೆ ಮಾಡಿದ ಭಾಷಣ)



ಸಪ್ಪೆ ರೋಗದಿಂದ ಬೆಳೆ ಕೈಕೊಟ್ಟ ಮನೆಯಲ್ಲಿ ಮುಂದಿನ ಬೆಳೆಗೂ ಅದೇ ರೋಗ ಏಕೆ ಬರುತ್ತದೆ? ಕಾರಣಗಳು ಹಲವು. ಅವುಗಳಲ್ಲೊಂದು, 1901ರಲ್ಲಿ ಜಪಾನಿನ ಇಶಿವಾಟ ಅವರು ರೇಷ್ಮೆ ಹುಳುವಿನಲ್ಲೇ ಕಂಡುಹಿಡಿದ ಬ್ಯಾಕ್ಟೀರಿಯ. ಇಂದು ಬಿ.ಟಿ. ಎಂದು ಹೆಸರಾಗಿರುವುದು ಇದೇ.

ಸತ್ತ ಹುಳುವಿನ ಒಡಲೇ ಇದಕ್ಕೆ ಆಹಾರ. ಆಹಾರ ತೀರುತ್ತಲೇ ಬ್ಯಾಕ್ಟೀರಿಯ ತನ್ನೊಳಗೆ ಗಟ್ಟಿ ಕವಚದ ಬೀಜಾಣುವನ್ನೂ ಜೊತೆಗೆ ವಿಷದ ಹರಳನ್ನೂ ಕಟ್ಟುತ್ತದೆ. ಕಣಜದ ರಾಗಿಯಂತೆ ಬೀಜಾಣು ತಟ್ಟೆಯ ಸಂದಿಯಲ್ಲಿ ಬಹುಕಾಲ ಮಲಗಿರಬಲ್ಲದು.

ಸೊಪ್ಪಿನೊಡನೆ ಇವೆರಡೂ ಹುಳುವಿನ ಹೊಟ್ಟೆ ಸೇರಿದರೆ, ಕರುಳಿನ ಕ್ಷಾರ ರಸದಲ್ಲಿ ಹರಳು ಕರಗಿ ಕರುಳಿನ ಗೋಡೆ ಒಡೆಯುತ್ತದೆ. ಪೋಷಕಾಂಶ ದೊರೆತ ಬೀಜಾಣು ಮೊಳೆತು ಮತ್ತೆ ಹೆಚ್ಚುತ್ತದೆ.

ಆದ್ದರಿಂದ ಸತ್ತ ಹುಳುಗಳನ್ನು ತಿಪ್ಪೆಗೆ ಹಾಕದೆ, ಬೀಜಾಣು ಕಟ್ಟುವ ಮೊದಲೇ ಆರಿಸಿ ಸುಡಿರಿ. ಬೆಳೆ ಮುಗಿದ ಕೂಡಲೇ 100 ಲೀಟರ್ ನೀರಿಗೆ 2 ಕಿಲೋ ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿಸಿದ ಸುಣ್ಣ ಬೆರೆಸಿ ಮನೆ, ತಟ್ಟೆ, ಚಂದ್ರಿಕೆಗಳನ್ನು ಚೆನ್ನಾಗಿ ತೋಯಿಸಿರಿ. ತರಕಾರಿಗೆ ಬಿ.ಟಿ. ಸಿಂಪಡಿಸುವ ನೆರೆಯವರಿಗೂ ತಿಳಿಸಿರಿ: ಹಿಪ್ಪುನೇರಳೆ ತೋಟದ ಬಳಿ ಅದು ಸಲ್ಲದು.